ಪ್ರೌಢಶಾಲೆಯ ಮಕ್ಕಳೂ ಅಂಗಸಾಧನೆಯೂ



ಮಠಗಳ ಉತ್ಸವಕಾಲದಲ್ಲಿ ಆತ್ಮವಿಚಾರವಾಗಿ ಉಪನ್ಯಾಸಗಳಾಗುವುದು ವಾಡಿಕೆ. ಈ ದಿನದ ಉಪನ್ಯಾಸಕ್ಕೆ ಗೊತ್ತಾಗಿರುವ ವಿಷಯವು ದೇಹದ್ದು. ಅದರಲ್ಲಿಯೂ ಹದಿಮೂರರಿಂದ ಹದಿನಾರು ವರ್ಷದ ಬಾಲಕ ಬಾಲಿಕೆಯರ ದೇಹದ್ದು. ವಿಷಯವು ದೊಡ್ಡದಾದರೂ ಅದರ ಗಂಟು ಒಂದು ಸಣ್ಣ ಕಾಗದದಲ್ಲಿ ಅಡಗಿದೆ. ಪ್ರತಿಯೊಂದು ಪ್ರೌಢಶಾಲೆಯ ಗೋಡೆಯ ಮೇಲೂ ವೇಳಾಪಟ್ಟಿಯೊಂದು ತೂಗುತ್ತಿರುವುದಷ್ಟೆ. ಅದರ ಕೆಲವು ಮನೆಗಳಲ್ಲಿ ದೈಹಿಕ ಶಿಕ್ಷಣ ಎಂದು ಬರೆದಿರುವುದು. ಎಂಟನೆಯ ತರಗತಿಯಲ್ಲಿ ಆ ಹೊತ್ತಿಗೆ ಮಕ್ಕಳು ಬಯಲಿಗೆ ಹೋಗುವರು. ಒಂಬತ್ತನೆಯ ತರಗತಿಯಲ್ಲಿ ಗಣಿತದ ಉಪಾಧ್ಯಾಯರು ಬಂದು, ಇದೊಂದು ದಿನಕ್ಕೆ ಎಂದು ಆ ಹೊತ್ತನ್ನು ಕಡ ಕೇಳುವರು. ಹತ್ತನೆಯ ತರಗತಿಯಲ್ಲಿ ಸಂಕ್ರಾಂತಿ ಕಳೆಯುವುದರೊಳಗಾಗಿ ಕಡವೆಂಬ ಮಾತೂ ಅಳಿದು, ಅದು ಅವರ ಸ್ವಂತ ಆಸ್ತಿಯೇ ಆಗಿಬಿಡುವುದು. ಕಡ ತಂದ ಹೊತ್ತನ್ನು ಹಿಂದಕ್ಕೆ ಕೊಟ್ಟವರು ವಿರಳ. ಈ ಉಪನ್ಯಾಸದ ಪ್ರಾರ್ಥನೆ ಇಷ್ಟೇ: ಆ ಹೊತ್ತು ಮಕ್ಕಳದು, ಅದರಲ್ಲಿಯೂ ಎಂದೆಂದಿಗೂ ಬಹುಮಾನ ತರಲಾರದ ಮಗುವಿನದು, ಅದನ್ನು ಯಾರೂ ತೆಗೆದುಕೊಳ್ಳಕೂಡದು.

ಶರೀರದ ಮಹತ್ವವನ್ನು ಕುರಿತು ಕಾಳಿದಾಸನು ಕುಮಾರಸಂಭವದಲ್ಲಿ ಹೇಳಿರುವ ಮಾತೊಂದುಂಟು. ಕ್ರೀಡಾಕೂಟದ ಆರಂಭದಲ್ಲಿ ಅದನ್ನು ಉದ್ಧರಿಸದ ಅತಿಥಿಗಳಿಲ್ಲ. ಉದ್ಧರಿಸಿ, ಪಾರಿವಾಳ ಹಾರಿಸಿ, ಮೋಟಾರು ಹತ್ತಿ ಹೊರಟುಬಿಡುವರು. ಅದಕ್ಕಿಂತಲೂ ವೈದ್ಯಗ್ರಂಥಗಳ ಮಾತು ಶಾಲೆಗೆ ಹೆಚ್ಚು ಉಪಯುಕ್ತವಾದುದು. ವ್ಯಾಯಾಮದಿಂದ ಮೈ ಹಗುರವಾಗುವುದು, ಕೆಲಸದ ಶಕ್ತಿ ಹೆಚ್ಚುವುದು, ಜಠರಾಗ್ನಿ ಚುರುಕಾಗುವುದು ಎಂದು ವಾಗ್ಭಟನ ಅಷ್ಟಾಂಗಹೃದಯವು ತಿಳಿಸುತ್ತದೆ. ಸುಶ್ರುತನು ಇನ್ನೂ ಸೂಕ್ಷ್ಮವಾಗಿ ನೋಡಿ, ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸಿ, ಅರ್ಧಬಲದ ಗುರುತನ್ನೂ ಕೊಟ್ಟಿದ್ದಾನೆ. ಎದೆಯೊಳಗಿನ ಉಸಿರು ಬಾಯಿಗೆ ಬರುವುದೇ ಆ ಗುರುತು. ಇದರಿಂದ, ಉಸಿರು ಸ್ವಲ್ಪವೂ ಬದಲಾಗದಂತೆ ಸಾಲಿನಲ್ಲಿ ನಿಂತು ಕೈಯೆತ್ತಿ ಇಳಿಸಿದರೆ ವ್ಯಾಯಾಮವಾಗದು. ಕುಸಿದು ಬೀಳುವಂತೆ ಓಡಿಸಿದರೂ ವ್ಯಾಯಾಮವಾಗದು ಎಂದು ತಿಳಿಯುವುದು. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಅರ್ಧಬಲವೆಂದರೆ ಪ್ರತಿಯೊಬ್ಬನಿಗೂ ತನ್ನ ಬಲದ ಅರ್ಧವೇ ಹೊರತು ಪಕ್ಕದವನ ಬಲದ ಅರ್ಧವಲ್ಲ. ಇಡೀ ತರಗತಿಗೆ ಒಂದೇ ಓಟ, ಒಂದೇ ಅಳತೆ ಇಟ್ಟು, ಹಿಂದೆ ಬಿದ್ದವನನ್ನು ಹೀಯಾಳಿಸುವ ಪದ್ಧತಿಗೆ ಶಾಸ್ತ್ರದ ಸಮ್ಮತಿಯಿಲ್ಲ.

ಈ ಕಾಲದ ವೈದ್ಯರೂ ಲೆಕ್ಕವನ್ನು ಗೊತ್ತುಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಕ್ಕೆ ಕಡಮೆಯಿಲ್ಲದಷ್ಟು, ಉಸಿರೇರುವಂತಹ ಚಟುವಟಿಕೆ ಬೇಕು. ವಾರಕ್ಕೆ 3 ದಿನಗಳಾದರೂ ಸ್ನಾಯುಗಳನ್ನೂ ಎಲುಬುಗಳನ್ನೂ ಬಲಪಡಿಸುವ ಶ್ರಮ ಬೇಕು. ಅದೇ ಸಂಸ್ಥೆಯ ವಿದ್ವಾಂಸರು 146 ದೇಶಗಳ ಲೆಕ್ಕವನ್ನು ಕೂಡಿಸಿ 2019ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. 2016ರಲ್ಲಿ 11ರಿಂದ 17 ವರ್ಷದ ಶಾಲಾ ಮಕ್ಕಳ ಪೈಕಿ ನೂರಕ್ಕೆ 81 ಮಂದಿಗೆ ಈ ಪ್ರಮಾಣವು ದೊರೆತಿರಲಿಲ್ಲವೆಂದು ಅದರಿಂದ ತಿಳಿಯಿತು. ಬಾಲಕರಲ್ಲಿ ಈ ಲೆಕ್ಕ 78, ಬಾಲಿಕೆಯರಲ್ಲಿ 85. ಹೆಣ್ಣುಮಕ್ಕಳ ಆ ಅಂಕಿಯನ್ನು ಸಭಿಕರು ನೆನಪಿನಲ್ಲಿಟ್ಟಿರಬೇಕು. ಆ ಮಾತು ಮುಂದೆ ಬರುವುದು.

ಈ ಲೆಕ್ಕವನ್ನು ಕೇಳಿ ಈ ಸೀಮೆಯ ತಾಯಿತಂದೆಗಳು ನಗಬಹುದು. ಬೆಳಿಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹಸುವಿನ ಹಾಲನ್ನು ಡೇರಿಗೆ ಹಾಕಿ, ಬಸ್ಸು ಸಿಕ್ಕದಿದ್ದರೆ ನಡೆದೇ ಶಾಲೆಗೆ ಬರುವ ಮಗುವಿಗೆ ವ್ಯಾಯಾಮ ಬೇರೆ ಬೇಕೇ ಎಂದು ಅವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ರೇಷ್ಮೆಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಎಷ್ಟು ಸೊಪ್ಪು ತಂದರೂ ಸಾಲದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ಮನೆಮಂದಿಯೆಲ್ಲರೂ ನಿಲ್ಲಬೇಕು. ಅಂತಹ ಮನೆಯ ಹುಡುಗಿಗೆ ಶ್ರಮದ ಕೊರತೆಯಿದೆಯೆಂದು ಹೇಳುವವನು ಆ ಮನೆಯನ್ನು ನೋಡದವನೇ ಸರಿ.

ಆದರೆ ಶ್ರಮ ಬೇರೆ, ಅಂಗಸಾಧನೆ ಬೇರೆ. ಸೊಪ್ಪಿನ ಹೊರೆಯು ದಿನವೂ ಅದೇ ಕುತ್ತಿಗೆಯ ಮೇಲೆ ಕೂರುವುದು. ಬಾಗಿದ ಬೆನ್ನು ದಿನವೂ ಅದೇ ಕಡೆಗೆ ಬಾಗುವುದು. ಮೈಯ ಒಂದು ಭಾಗ ಸವೆದು ಮತ್ತೊಂದು ಭಾಗ ಸುಮ್ಮನಿರುವುದು. ಚೆಡುಗುಡು ಆಡುವ ಮಗುವಿಗಾದರೋ ಒಂದೇ ಉಸಿರಿನಲ್ಲಿ ಮುನ್ನುಗ್ಗುವುದು, ಬಾಗುವುದು, ತಪ್ಪಿಸಿಕೊಳ್ಳುವುದು, ಹಿಂದಕ್ಕೆ ಹಾರುವುದು ಎಲ್ಲವೂ ಒದಗಿಬರುವುದು. ಇದಲ್ಲದೆ, ಕೆಲಸದಲ್ಲಿ ಮಗುವು ಹಿರಿಯರ ಕೈಕೆಳಗಿನ ಆಳು. ಆಟದಲ್ಲಿ ಅದು ಓರಗೆಯವರ ನಡುವೆ ಸಮಾನ. ಸೋತು ಅಳದಿರುವುದನ್ನೂ ಗೆದ್ದು ಬೀಗದಿರುವುದನ್ನೂ ಸೊಪ್ಪಿನ ತೋಟವು ಕಲಿಸಲಾರದು. ಮೇಲಾಗಿ ಹೋಬಳಿಯ ಮಕ್ಕಳೆಲ್ಲರೂ ಈಗ ತೋಟದ ಕೆಲಸದಲ್ಲಿಲ್ಲ. ಮನೆಬಾಗಿಲಿನಿಂದ ಶಾಲೆಯ ಬಾಗಿಲಿನವರೆಗೆ ವ್ಯಾನಿನಲ್ಲಿ ಕುಳಿತು ಹೋಗುವವರಿದ್ದಾರೆ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಕೈಗೆ ಬಂದ ಮೊಬೈಲು, ಶಾಲೆಗಳು ತೆರೆದ ಬಳಿಕವೂ ಎಷ್ಟೋ ಮಕ್ಕಳ ಕೈಯಿಂದ ಇಳಿದಿಲ್ಲ. ಚಿನ್ನಿದಾಂಡು, ಲಗೋರಿ, ಮರಕೋತಿಗಳ ಹೆಸರು ಬಲ್ಲ ಮಕ್ಕಳು ಎಷ್ಟು, ಅವನ್ನು ಆಡಿರುವವರೆಷ್ಟು ಎಂದು ಉಪಾಧ್ಯಾಯರು ತಂತಮ್ಮ ತರಗತಿಯಲ್ಲಿ ಒಮ್ಮೆ ಕೈಯೆತ್ತಿಸಿ ನೋಡಬಹುದು.

ಎರಡನೆಯ ಆಕ್ಷೇಪಣೆ ಅಂಕಗಳದು. ಹತ್ತನೆಯ ತರಗತಿಯ ಪರೀಕ್ಷೆಯ ಮೊತ್ತದಲ್ಲಿ ವ್ಯಾಯಾಮದ ಅಂಕವು ಸೇರುವುದಿಲ್ಲ. ಸೇರದ ವಿಷಯಕ್ಕೆ ಹೊತ್ತು ಕಳೆಯುವುದೇಕೆ ಎಂಬುದು ಬಹುಜನರ ಮನಸ್ಸಿನಲ್ಲಿರುವ ಮಾತು. ಇದಕ್ಕೆ ಸ್ವೀಡನ್ ದೇಶದ ಒಂದು ಪ್ರಯೋಗವನ್ನು ಉದಾಹರಿಸಬಹುದು. ಅಲ್ಲಿಯ ಮಾಲ್ಮೋ ನಗರದ ಬುಂಕೆಫ್ಲೊ ಎಂಬಲ್ಲಿ 1999ರಲ್ಲಿ ಒಂದು ಶಾಲೆಯ ಕೆಲವು ಮಕ್ಕಳಿಗೆ ವಾರದ 5 ದಿನವೂ ವ್ಯಾಯಾಮದ ಪಾಠವನ್ನಿಟ್ಟು, ಉಳಿದವರಿಗೆ ವಾಡಿಕೆಯಂತೆ ವಾರಕ್ಕೆ 2 ಪಾಠಗಳನ್ನೇ ಉಳಿಸಿದರು. ಒಂಬತ್ತನೆಯ ತರಗತಿ ಮುಗಿಯುವವರೆಗೂ ಇದನ್ನು ನಡೆಸಿ ನೋಡಿದಾಗ, ಮುಂದಿನ ವಿದ್ಯಾಭ್ಯಾಸಕ್ಕೆ ಅರ್ಹರಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 96, ಎರಡನೆಯ ಗುಂಪಿನಲ್ಲಿ 89. ಒಂದು ಶಾಲೆಯ ಪ್ರಯೋಗದಿಂದ ಲೋಕಕ್ಕೆಲ್ಲ ಸಿದ್ಧಾಂತ ಮಾಡುವುದು ತರ್ಕಕ್ಕೆ ಒಪ್ಪದು. ಆದರೂ ಆಡಿದರೆ ಅಂಕ ಕರಗುವುದೆಂಬ ಭಯಕ್ಕೆ ಇಷ್ಟು ಉತ್ತರ ಸಾಕು. ಗಣಿತದ ಹೊತ್ತನ್ನು ಕಿತ್ತು ಬಯಲಿಗೆ ಕೊಡಿರೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಬಯಲಿನ ಹೊತ್ತನ್ನು ಬಯಲಿಗೆ ಬಿಡಿರೆಂದಷ್ಟೇ ಕೇಳುತ್ತಿರುವುದು.

ಮೈಗೂ ಬುದ್ಧಿಗೂ ವೈರವೆಂಬ ಭಾವನೆ ಎಲ್ಲಿಂದ ಬಂದಿತೋ ತಿಳಿಯದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸ್ವತಃ ಶಿಲ್ಪದಂತಹ ಮೈಕಟ್ಟನ್ನು ಸಾಧಿಸಿದ್ದ ಕೆ. ವಿ. ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃಗಳು. ಇದೇ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷಗಳನ್ನು ದಾಟಿ 1962ರಲ್ಲಿ ಕಾಲವಾದರು. ಅವರ ಜಾಣ್ಮೆಯನ್ನು ಮಕ್ಕಳಿಗೆ ಹೇಳುವವರು ಅವರ ನಿಯಮಿತವಾದ ನಡಿಗೆಯನ್ನೂ ಮಿತಾಹಾರವನ್ನೂ ಹೇಳುವುದನ್ನು ಮರೆಯುತ್ತಾರೆ.

ಇನ್ನು ಬಯಲಿನೊಳಗೆ ಏನಾಗುತ್ತಿದೆಯೆಂಬುದನ್ನು ವಿಚಾರಿಸಬೇಕು. ಹೋಬಳಿ ಮಟ್ಟದ ಕ್ರೀಡಾಕೂಟವು ಹತ್ತಿರ ಬಂದಿತೆಂದರೆ ಶಾಲೆಗಳಲ್ಲಿ ಉತ್ಸಾಹ ಉಕ್ಕುವುದು. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಏಣಿಯ ಮೆಟ್ಟಿಲುಗಳು. ಏಣಿ ಇರುವುದು ಒಳ್ಳೆಯದೇ. ಆದರೆ ಒಂದು ಲೆಕ್ಕ ಹಾಕಬೇಕು. ಕಬಡ್ಡಿಯಲ್ಲಿ ಕಣಕ್ಕಿಳಿಯುವವರು 7 ಮಂದಿ, ಖೋ-ಖೋದಲ್ಲಿ 9, ವಾಲಿಬಾಲಿನಲ್ಲಿ 6. ಒಬ್ಬರೂ ಎರಡು ಆಟಕ್ಕೆ ಸೇರದಿದ್ದರೂ ಒಟ್ಟು 22. ನೂರಿಪ್ಪತ್ತು ಬಾಲಕರ ಶಾಲೆಯಾದರೆ ಉಳಿದವರು 98. ವಾಸ್ತವದಲ್ಲಿಯಾದರೋ ಚುರುಕಾದ ಹುಡುಗನೊಬ್ಬನೇ ಮೂರು ಆಟಗಳಲ್ಲಿಯೂ ಇರುವನು. ಉಳಿದವರು ಬಯಲಿನ ಅಂಚಿನಲ್ಲಿ ಕುಳಿತು, ಆಡುವವರ ಅಂಗಿ ಚಪ್ಪಲಿಗಳನ್ನು ಕಾಯುವರು. ಹೀಗೆ ಮೂರು ವರ್ಷ ಕಾದು, ಆಟವೆಂಬುದು ತನಗೆ ಸಂಬಂಧಪಟ್ಟ ಸಂಗತಿಯಲ್ಲವೆಂದು ದೃಢವಾಗಿ ನಂಬಿ ಶಾಲೆಯಿಂದ ಹೊರಬೀಳುವರು. ಮುಂದೆ ನಲವತ್ತನೆಯ ವಯಸ್ಸಿನಲ್ಲಿ ವೈದ್ಯರು ನಡೆಯಿರೆಂದು ಹೇಳುವವರೆಗೂ ಅವರ ಕಾಲಿಗೆ ಬೇರೆ ಉಪದೇಶವಿಲ್ಲ.

ಹಿಂದಿನ ಗರಡಿ ಮನೆಗಳು ಈ ವಿಷಯದಲ್ಲಿ ಹೆಚ್ಚು ವಿವೇಕವುಳ್ಳವಾಗಿದ್ದುವು. ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣನ್ನು ಅಗೆದು ಹದಮಾಡುವ ಕೆಲಸ ಜಟ್ಟಿಗೂ ಉಂಟು, ನಿನ್ನೆ ಸೇರಿದ ಹುಡುಗನಿಗೂ ಉಂಟು. ದಸರಾ ಅಖಾಡಕ್ಕೆ ಇಳಿಯುವವರು ಕೆಲವರೇ; ದಂಡೆ, ಬಸ್ಕಿ ಹೊಡೆಯುವವರು ಎಲ್ಲರೂ. ನೀನು ಗೆಲ್ಲಲಾರೆ, ಆದಕಾರಣ ಮಣ್ಣಿಗೆ ಇಳಿಯಬೇಡ ಎಂದು ಉಸ್ತಾದನು ಹುಡುಗನನ್ನು ಹೊರಗೆ ಕೂರಿಸುತ್ತಿರಲಿಲ್ಲ. ಸುತ್ತೂರಿನ ಜಾತ್ರೆಯಲ್ಲಿ ಇಂದಿಗೂ ಕುಸ್ತಿಯ ಪಂದ್ಯಗಳು ನಡೆಯುತ್ತವೆ. ಮಠಗಳ ಜಾತ್ರೆಗೂ ಮೈಯ ಕಸುವಿಗೂ ನಂಟು ಹಳೆಯದು. ಆದರೆ ಗರಡಿಯನ್ನು ಹೊಗಳುವಾಗ ಒಂದು ಕೊರತೆಯನ್ನು ಮುಚ್ಚಿಡಬಾರದು. ಅದರ ಬಾಗಿಲು ಬಹುಕಾಲ ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಮೈಸೂರು ದಸರೆಯಲ್ಲಿ ಈಗ ಮಹಿಳೆಯರ ಕುಸ್ತಿಯೂ ನಡೆದು, ಗೆದ್ದವಳಿಗೆ ದಸರಾ ಕಿಶೋರಿ ಎಂಬ ಬಿರುದು ಸಲ್ಲುತ್ತದೆ.

ಎಲ್ಲರನ್ನೂ ಆಡಿಸಲು ಸಲಕರಣೆಯಿಲ್ಲ, ಹಣವಿಲ್ಲ ಎಂಬ ಮಾತು ಕೇಳಿಬರುವುದು. ಖೋ-ಖೋ ಆಟಕ್ಕೆ ಬೇಕಾದುದು 27 ಮೀಟರ್ ಉದ್ದ, 16 ಮೀಟರ್ ಅಗಲದ ನೆಲ, ಎರಡು ಕಂಬ, ಒಂದಷ್ಟು ಸುಣ್ಣದ ಪುಡಿ. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖಮಾಡಿ ಕೂರುವರು, ಒಂಬತ್ತನೆಯವನು ಅಟ್ಟುವನು. ಬೆನ್ನು ತಟ್ಟಿ ಖೋ ಎಂದೊಡನೆ ಕುಳಿತವನು ಎದ್ದು ಓಡಲೇಬೇಕು. ನಿಧಾನಿಯೆಂದು ಅವನನ್ನು ಬಿಟ್ಟು ಆಡುವ ಉಪಾಯವಿಲ್ಲ. ಅವನ ಸರದಿ ಬಂದೇ ಬರುವುದು. ದೊಡ್ಡ ತರಗತಿಯಾದರೆ ಬಯಲನ್ನು ಎರಡಾಗಿ ಗೀಚಿ, ಎರಡು ಸಣ್ಣ ಕಣಗಳಲ್ಲಿ ಆಡಿಸಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಎಂಬಾಕೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯವಳು. ಪತ್ರಿಕೆಗಳು ಕಪ್ಪನ್ನು ಬಣ್ಣಿಸಿದುವು, ಅದು ಯುಕ್ತವೇ. ಆದರೆ ಖೋ-ಖೋ ಒಬ್ಬರೇ ಆಡಿ ಕಲಿಯುವ ಆಟವಲ್ಲ. ಹಳ್ಳಿಯ ಹುಡುಗಿಯೊಬ್ಬಳು ದೆಹಲಿಯವರೆಗೆ ಹೋಗಬೇಕಾದರೆ, ದೆಹಲಿಗೆ ಹೋಗದ ಹತ್ತಾರು ಮಂದಿ ಗೆಳತಿಯರು ದಿನವೂ ಅವಳೆದುರು ಓಡಿರಲೇಬೇಕು. ಬಯಲು ಇದ್ದುದು ಅವರೆಲ್ಲರಿಗಾಗಿ.

ಆಡಲಾರನೆಂದು ಮೊದಲೇ ತೀರ್ಮಾನಿಸುವುದೂ ತಪ್ಪು. ಹಾಸನ ಜಿಲ್ಲೆಯ ಹೆಚ್. ಎನ್. ಗಿರೀಶ ಅವರು ಕಾಲಿನ ಊನವಿದ್ದರೂ 2012ರ ಲಂಡನ್ ಪ್ಯಾರಾಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕ ಪಡೆದರು. ಊನವುಳ್ಳ ಮಗುವನ್ನು ಗಂಟೆ ಹೊಡೆಯುವುದಕ್ಕೋ ಅಂಕ ಬರೆಯುವುದಕ್ಕೋ ನೇಮಿಸಿ ತೃಪ್ತರಾಗುವ ಶಾಲೆಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ.

ಈಗ ಹೆಣ್ಣುಮಕ್ಕಳ ವಿಚಾರ. ಏಳನೆಯ ತರಗತಿಯವರೆಗೆ ಕುಂಟೆಬಿಲ್ಲೆ ಆಡುತ್ತ, ಹುಡುಗರನ್ನು ಓಟದಲ್ಲಿ ಹಿಂದೆ ಹಾಕುತ್ತಿದ್ದ ಬಾಲಿಕೆಯು ಒಂಬತ್ತನೆಯ ತರಗತಿಗೆ ಬರುವ ವೇಳೆಗೆ ಮರದ ನೆರಳಿನಲ್ಲಿ ಕುಳಿತುಬಿಡುವಳು. ಅವಳಿಗೆ ಆಸಕ್ತಿಯಿಲ್ಲವೆಂದು ಉಪಾಧ್ಯಾಯರು ಬರೆದುಕೊಳ್ಳುವರು. ಕಾರಣಗಳನ್ನು ಕೇಳಿದವರು ಕಡಮೆ. ಓಡುವಾಗ ಜಾರುವ ದುಪ್ಪಟ ಒಂದು ಕಾರಣ. ಬೇಲಿಯ ಆಚೆ ನಿಂತು ನೋಡಿ ನಗುವ ಪುಂಡರು ಮತ್ತೊಂದು. ಶೌಚಗೃಹದಲ್ಲಿ ನೀರಿಲ್ಲದಿರುವುದು, ಇದ್ದರೂ ಅಗಳಿ ಇಲ್ಲದಿರುವುದು ಮಗದೊಂದು. ಆಟ ಮುಗಿಸಿ ಕೊನೆಯ ಬಸ್ಸನ್ನು ತಪ್ಪಿಸಿಕೊಂಡರೆ ಕತ್ತಲೆಯಲ್ಲಿ ಮನೆಗೆ ಹೋಗುವುದು ಹೇಗೆಂಬ ತಾಯಿಯ ಭಯ ಎಲ್ಲಕ್ಕಿಂತಲೂ ದೊಡ್ಡದು. ಆ ಭಯವನ್ನು ಹಳೆಯ ಕಾಲದ ಬುದ್ಧಿಯೆಂದು ತಳ್ಳಿಹಾಕುವುದು ಅನ್ಯಾಯ. ಇವುಗಳಲ್ಲಿ ಯಾವುದೂ ಹೆಣ್ಣಿನ ಸ್ವಭಾವವಲ್ಲ. ಎಲ್ಲವೂ ದೊಡ್ಡವರು ಸರಿಪಡಿಸಬಹುದಾದ ಸಂಗತಿಗಳೇ. ಆಟಕ್ಕೆ ತಕ್ಕ ಸಡಿಲವಾದ ಉಡುಪನ್ನು ಶಾಲೆಯೇ ಗೊತ್ತುಮಾಡಬಹುದು. ಅಭ್ಯಾಸವನ್ನು ಸಂಜೆಗಿಡದೆ ವೇಳಾಪಟ್ಟಿಯೊಳಗಿನ ಹೊತ್ತಿನಲ್ಲಿಯೇ ನಡೆಸಿದರೆ ಬಸ್ಸಿನ ಚಿಂತೆಯೇ ಇಲ್ಲ. ಆ ಹೊತ್ತನ್ನು ಕಡ ಕೊಡಬಾರದೆಂಬುದಕ್ಕೆ ಇದೂ ಒಂದು ಕಾರಣ. ಹುಡುಗನಿಗೆ ಸಂಜೆಯ ಬೀದಿಯಾದರೂ ಉಂಟು, ಹುಡುಗಿಗೆ ಶಾಲೆಯ ಆ ಮುಕ್ಕಾಲು ಗಂಟೆಯ ಹೊರತು ಬೇರೆ ಬಯಲಿಲ್ಲ.

ತಿಂಗಳ ಮುಟ್ಟಿನ ದಿನಗಳನ್ನು ಕುರಿತು ಸಭೆಯಲ್ಲಿ ಮಾತನಾಡಲು ಹಿರಿಯರು ಸಂಕೋಚಪಡುವರು. ಸಂಕೋಚದಿಂದ ಹೆಣ್ಣುಮಕ್ಕಳಿಗೆ ಆಗಿರುವ ನಷ್ಟ ಕಡಮೆಯಲ್ಲ. ಆ ದಿನಗಳಲ್ಲಿ ಆಡಬಾರದೆಂದು ವೈದ್ಯಶಾಸ್ತ್ರವು ನಿಷೇಧಿಸಿಲ್ಲ. ಆಡಲೇಬೇಕೆಂಬ ಬಲವಂತವೂ ಸಲ್ಲದು. ಮೈಯ ಸ್ಥಿತಿಯನ್ನು ಬಲ್ಲವಳು ಅವಳೇ. ಅವಳ ಇಚ್ಛೆಗೆ ಬಿಡತಕ್ಕದ್ದು. ಕಾರಣವನ್ನು ಹುಡುಗರೆದುರು ಕೇಳದಿರುವಷ್ಟು ಸೌಜನ್ಯ ಉಪಾಧ್ಯಾಯರಲ್ಲಿರಬೇಕು. ಇದಕ್ಕೆ ಒಬ್ಬ ಉಪಾಧ್ಯಾಯಿನಿಯು ಜೊತೆಯಲ್ಲಿದ್ದರೆ ಉತ್ತಮ.

ಆಹಾರದ ಮಾತನ್ನು ಇದರೊಡನೆಯೇ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಅರ್ಧ ಸುತ್ತು ಓಡಿ ಏದುಸಿರು ಬಿಡುವವಳನ್ನು ಸೋಮಾರಿಯೆಂದು ಬೈಯುವ ಮುನ್ನ ಈ ಅಂಕಿಯನ್ನು ನೆನೆಯಬೇಕು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ನುಂಗುವಂತೆ ನೋಡಿಕೊಳ್ಳುವುದು, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಹತ್ತನೆಯ ತರಗತಿಯವರೂ ನಾಚಿಕೆಯಿಲ್ಲದೆ ಕುಡಿಯುವಂತೆ ಮಾಡುವುದು, ಮನೆಯಲ್ಲಿ ರಾಗಿ, ಸೊಪ್ಪು, ಕಡಲೆಕಾಯಿಗಳು ಹೆಣ್ಣುಮಕ್ಕಳ ತಟ್ಟೆಗೂ ಗಂಡುಮಕ್ಕಳಷ್ಟೇ ಬೀಳುವುದು, ಇವೂ ಅಂಗಸಾಧನೆಯ ಭಾಗಗಳೇ.

ಇನ್ನೊಂದು ಸಂಗತಿಯನ್ನು ಉಪಾಧ್ಯಾಯ ಮಹಾಶಯರು ಕೋಪಿಸಿಕೊಳ್ಳದೆ ಕೇಳಬೇಕು. ಗರಡಿಯಲ್ಲಿ ಬಸ್ಕಿಯು ಸಾಧನೆ. ಶಾಲೆಯಲ್ಲಿ ಅದು ಶಿಕ್ಷೆ. ಲೆಕ್ಕ ತಪ್ಪಿದವನಿಗೆ ಐವತ್ತು ಬಸ್ಕಿ, ತಡವಾಗಿ ಬಂದವನಿಗೆ ಬಯಲಿನ ಮೂರು ಸುತ್ತು. ಓಟವನ್ನು ದಂಡವಾಗಿ ತೆತ್ತ ಮಗುವು ಅದನ್ನು ಸಂತೋಷವಾಗಿ ಹೇಗೆ ಎಣಿಸೀತು? ಪದ್ಯವನ್ನು ನೂರು ಸಲ ಬರೆಯಿಸಿ ಕಾವ್ಯಪ್ರೀತಿಯನ್ನು ಕೊಂದ ಹಾಗೆಯೇ ಇದೂ. ಬಯಲನ್ನು ಶಿಕ್ಷೆಯ ಸ್ಥಳವಾಗಿ ಬಳಸುವುದು ಈ ಹೋಬಳಿಯ ಶಾಲೆಗಳಲ್ಲಿ ನಿಲ್ಲಬೇಕು. ಹಾಗೆಯೇ ದೈಹಿಕ ಶಿಕ್ಷಣದ ಉಪಾಧ್ಯಾಯರನ್ನು ಗಂಟೆ, ಸಾಲು, ಊಟದ ಲೆಕ್ಕ, ಅತಿಥಿಗಳ ಹಾರ ಇವಕ್ಕೆಲ್ಲ ಓಡಾಡಿಸಿ, ಉಳಿದ ಹೊತ್ತಿನಲ್ಲಿ ಪಾಠಮಾಡೆಂದು ಹೇಳುವುದೂ ನಿಲ್ಲಬೇಕು. ಅವರೂ ಉಪಾಧ್ಯಾಯರು, ಅವರದೂ ಪಾಠ.

ಕಾಯಿದೆಯನ್ನು ನಂಬಿ ಕೂರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಬಯಲೂ ಆಟದ ಸಾಮಗ್ರಿಯೂ ಇರಬೇಕೆಂದು ವಿಧಿಸಿದೆ. ಆದರೆ ಆ ಕಾಯಿದೆಯ ನೆರಳು ಎಂಟನೆಯ ತರಗತಿಗೆ ಮುಗಿಯುವುದು. ಮಗುವು ಬಯಲನ್ನು ಬಿಡತೊಡಗುವ ವಯಸ್ಸೂ ಅದೇ. ಅಲ್ಲಿಂದ ಮುಂದಕ್ಕೆ ಊರಿನವರೇ ನೆರಳಾಗಬೇಕು.

ಈ ಉದ್ದೇಶದಿಂದಲೇ ಮಠದ ತೇರಿನ ಬಯಲನ್ನು ಜಾತ್ರೆಯ ದಿನಗಳ ಹೊರತು ವರ್ಷವಿಡೀ ಶಾಲೆಯ ಮಕ್ಕಳಿಗೆ ಬಿಟ್ಟುಕೊಡಲು ಪೂಜ್ಯರ ಅಪ್ಪಣೆಯಾಗಿದೆ. ಬೆಳಗಿನ ಹೊತ್ತು ಬಾಲಿಕೆಯರಿಗೆ ಮೀಸಲು. ಆಗ ತಾಯಂದಿರಲ್ಲಿ ಇಬ್ಬರಾದರೂ ಸರದಿಯಂತೆ ಬಂದು ಕಟ್ಟೆಯ ಮೇಲೆ ಕುಳಿತಿರಲಿ. ಖೋ-ಖೋದ ಕಂಬಗಳಿಗೆ ಮರವನ್ನು ಮಠವೇ ಕೊಡುವುದು. ಪಡುವಣ ಮೂಲೆಯಲ್ಲಿ ಮಾತ್ರ ನೆಗ್ಗಿಲು ಮುಳ್ಳು ವಿಶೇಷವಾಗಿ ಹಬ್ಬಿದೆ. ಮಳೆ ಬಿದ್ದು ಬೀಜ ಇನ್ನಷ್ಟು ಹರಡುವ ಮೊದಲು ಅದನ್ನು ಬೇರುಸಹಿತ ಕೀಳಬೇಕು. ಬರುವ ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟೊಡನೆ ಈ ಕೆಲಸ ತೊಡಗುವುದು. ಬರುವವರು ಗುದ್ದಲಿಯನ್ನೂ ಒಂದು ಗೋಣಿಚೀಲವನ್ನೂ ತರಲಿ.